ಉಪ್ಪಿಲ್ಲದ ಹುರುಳಿಕಾಯಿ ಡಬ್ಬ

ನಾನು ಒಂದು ತಗಡಿನ ಡಬ್ಬ. ಎತ್ತರ ನಾಲ್ಕೂವರೆ ಅಂಗುಲ. ಹೊಟ್ಟೆಯಲ್ಲಿ ಹಿಡಿಯುವುದು ಅರ್ಧ ಲೀಟರಿಗೆ ತುಸು ಕಡಿಮೆ. ನನ್ನ ಜಾತಿಯವರು ಒಂದೋ ಎರಡೋ ವರ್ಷ ಬದುಕಿ, ಖಾಲಿಯಾಗಿ, ತಿಪ್ಪೆ ಸೇರುತ್ತಾರೆ. ನಾನು ಹದಿನಾಲ್ಕು ವರ್ಷ ಬದುಕಿದ್ದೇನೆ. ಕಾರಣ ಇಷ್ಟೇ, ನನ್ನ ಮೇಲೆ ಒಂದು ಕೊಲೆಯ ಆರೋಪವಿತ್ತು. ಅಂಥವರನ್ನು ಜನ ಬಿಸಾಡುವುದಿಲ್ಲ, ಕಣ್ಣೆದುರಿಗೇ ಇಟ್ಟುಕೊಂಡು ದಿನವೂ ಬೈಯುತ್ತಾರೆ.

ಹುಟ್ಟಿದ ಕಾರ್ಖಾನೆ ಯಾವುದೋ ನನಗೆ ನೆನಪಿಲ್ಲ. ಮೈಸೂರಿಗೆ ಬಂದಾಗ ನಾನಿನ್ನೂ ಚಪ್ಪಟೆ. ನನ್ನಂಥ ನೂರಾರು ಮಂದಿ ಒಂದೇ ಪೆಟ್ಟಿಗೆಯಲ್ಲಿ ರೊಟ್ಟಿಗಳ ಹಾಗೆ ಒಬ್ಬರ ಮೇಲೊಬ್ಬರು ಮಲಗಿದ್ದೆವು. ನಮ್ಮನ್ನು ಇಳಿಸಿಕೊಂಡದ್ದು ಹಣ್ಣು ತರಕಾರಿ ಡಬ್ಬ ಕಟ್ಟಿಕೊಡುವ ಒಂದು ಕೇಂದ್ರ. ಊರಿನ ಹೆಂಗಸರು ಮನೆಯಿಂದ ಮಾವು, ಅನಾನಸ್, ಬಟಾಣಿ ತಂದು, ಅಲ್ಲಿ ಕುಯ್ದು, ಬೇಯಿಸಿ, ಡಬ್ಬದೊಳಗೆ ಭದ್ರ ಮಾಡಿಸಿಕೊಂಡು ಹೋಗುತ್ತಿದ್ದರು. ನನ್ನನ್ನು ಎತ್ತಿ ದುಂಡಗೆ ಮಾಡಿ, ತಳ ಒತ್ತಿ, ಡಬ್ಬ ಎಂಬ ಹೆಸರಿಗೆ ಯೋಗ್ಯ ಮಾಡಿದವಳು ಜಯಶೀಲಾ. ಮುಚ್ಚಳ ಒತ್ತುವ ಯಂತ್ರದ ಮುಂದೆ ಕೂರುತ್ತಿದ್ದವಳು ಅವಳೇ. ಮೂವತ್ತರ ಆಸುಪಾಸು, ಮಾತು ಕಡಿಮೆ, ಬೆರಳ ತುದಿಗಳಲ್ಲೆಲ್ಲ ತಗಡು ಕುಯ್ದ ಗೆರೆಗಳು.

ಕೇಂದ್ರದ ಮೇಲ್ವಿಚಾರಕಿ ಮಾಲಿನಿ ಮೇಡಂ ಪ್ರತಿ ಬುಧವಾರ ಹೆಂಗಸರಿಗೆ ಪಾಠ ಮಾಡುತ್ತಿದ್ದರು. ಗೋಡೆಯ ಮೇಲೆ ಒಂದು ಪಟ, ಒಂದು ಕಡೆ ತಾಜಾ ಹಣ್ಣು, ಇನ್ನೊಂದು ಕಡೆ ಡಬ್ಬದ ತರಕಾರಿ. "ನೋಡಿಮ್ಮಾ, ಡಬ್ಬ ಕಟ್ಟೋದು ನಮ್ಮ ಕೆಲಸ, ಸುಳ್ಳು ಹೇಳೋದಲ್ಲ" ಎಂದೇ ಶುರು ಮಾಡುವರು. ಮೋಸಂಬಿಯಲ್ಲಿ, ಸೀಬೆಯಲ್ಲಿ ಸಿ ಜೀವಸತ್ವ ಧಾರಾಳ, ಡಬ್ಬದ ತರಕಾರಿಯಲ್ಲಿ ಅದು ಬೆಂಕಿಗೆ ಸಿಕ್ಕಿ ಅರ್ಧಕ್ಕರ್ಧ ಹೋಗಿರುತ್ತದೆ. ನಾರು ಉಳಿಯುತ್ತದೆ, ಕಬ್ಬಿಣ ತಕ್ಕಮಟ್ಟಿಗೆ ಉಳಿಯುತ್ತದೆ. "ಆದ್ರೆ ಒಂದಷ್ಟು ಲವಣ ಡಬ್ಬದ ನೀರಿಗೆ ಇಳಿದುಬಿಡತ್ತೆ. ಆ ನೀರು ಚೆಲ್ಲಿದ್ರೆ ಅದೂ ನಷ್ಟ." ಹೆಂಗಸರು ತಲೆಯಾಡಿಸುತ್ತಿದ್ದರು. ಮೂಲೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಕೂತಿದ್ದ ನನಗೆ ಬಹಳ ಅವಮಾನವಾಯಿತು. ಇನ್ನೂ ತುಂಬುವ ಮೊದಲೇ ಹಣ್ಣಿನ ಮುಂದೆ ಸೋತಿದ್ದೆ.

ಆಗ ಜಯಶೀಲಾ ಎದ್ದು ನಿಂತು ಕೇಳಿದಳು. "ಮೇಡಂ, ಆ ನೀರಿಗೆ ಇಳಿಯೋದ್ರಲ್ಲಿ ಪೊಟ್ಯಾಶಿಯಂ ಇರುತ್ತಾ?"

"ಇರತ್ತೆ. ಯಾಕೆ?"

"ನಮ್ಮ ಯಜಮಾನ್ರಿಗೆ ಅದು ಹೋದಷ್ಟೂ ಒಳ್ಳೇದಂತೆ."

ಅವಳ ಗಂಡ ಮರಿಸ್ವಾಮಿ, ನಗರ ಸಾರಿಗೆ ಬಸ್ಸಿನ ಕಂಡಕ್ಟರು. ಮೂವತ್ತಾರು ವಯಸ್ಸಿಗೇ ಅವನ ಎರಡು ಮೂತ್ರಪಿಂಡಗಳೂ ಕೈಕೊಟ್ಟಿದ್ದವು. ಮಂಗಳವಾರಕ್ಕೊಮ್ಮೆ, ಶುಕ್ರವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ನಡುವಿನ ದಿನಗಳಲ್ಲಿ ಪೊಟ್ಯಾಶಿಯಂ ಮೈಯಲ್ಲೇ ಉಳಿದು, ಏರಿ, ಎದೆಗೆ ಕುತ್ತು ತರುತ್ತದೆ. ಎಲ್ಲರಿಗೂ ಅಮೃತವಾದ ಬಾಳೆಹಣ್ಣು, ಮೋಸಂಬಿ, ಎಳನೀರು ಅವನಿಗೆ ವಿಷ. ತರಕಾರಿಯನ್ನು ಬೇಯಿಸಿ ನೀರು ಚೆಲ್ಲಿ ತಿನ್ನಬೇಕು. ಉಪ್ಪು ಹಾಕದೆ ಕಟ್ಟಿದ ಡಬ್ಬವಾದರೆ ಅಡ್ಡಿಯಿಲ್ಲ ಎಂದು ಆಸ್ಪತ್ರೆಯ ಪಥ್ಯದವರೂ ಹೇಳಿದ್ದರು. ಪಟದಲ್ಲಿ ನಮ್ಮ ಸೋಲೆಂದು ಬರೆದದ್ದು ಆ ಒಬ್ಬ ಮನುಷ್ಯನ ಪಾಲಿಗೆ ಗೆಲುವಾಗಿತ್ತು. ಅಂದು ನನಗಾದ ಸಂತೋಷ ಮುಂದೆ ಎಂದೂ ಆಗಲಿಲ್ಲ.

ಡಿಸೆಂಬರಿನಲ್ಲಿ ಹುರುಳಿಕಾಯಿ ಸಸ್ತಾ ಆದಾಗ ಜಯಶೀಲಾ ಎರಡು ಚೀಲ ತಂದು, ನಾರು ತೆಗೆದು, ಕುಯ್ದು, ಒಂದು ಕುದಿ ಕುದಿಸಿ ಆ ನೀರು ಚೆಲ್ಲಿ, ಹೊಸ ನೀರಿನೊಂದಿಗೆ ನಮ್ಮೊಳಗೆ ತುಂಬಿದಳು. ಉಪ್ಪು ಒಂದು ಹರಳೂ ಇಲ್ಲ. ಬೇರೆಯವರ ಡಬ್ಬಗಳೊಂದಿಗೆ ಬೆರೆಯದಿರಲಿ ಎಂದು ಪ್ರತಿಯೊಬ್ಬರ ಮೈಮೇಲೂ ಉಗುರು ಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಳು. ಬೊಟ್ಟಿಟ್ಟುಕೊಂಡು ಮೂವತ್ತು ಮಂದಿ ಅವಳ ಮನೆಯ ಅಡುಗೆಮನೆಯ ಹಲಗೆ ಹತ್ತಿದೆವು.

ಆ ಮನೆಯಲ್ಲಿ ಮೂರೇ ಜನ. ಜಯಶೀಲಾ, ಮರಿಸ್ವಾಮಿ, ಅವನ ತಾಯಿ ಚಿಕ್ಕತಾಯಮ್ಮ. ಈಕೆಗೆ ನಮ್ಮನ್ನು ಕಂಡರೆ ಮೊದಲ ದಿನದಿಂದಲೇ ಆಗದು. "ಯಾವತ್ತೋ ಸತ್ತ ತರಕಾರಿನ ತಗಡ್ನಾಗೆ ಹೂತಿಟ್ಟು ಉಣ್ಣಾಕ್ಕೊಡ್ತಾಳೆ" ಎಂದು ಬೇಲಿಯಾಚೆಯವರಿಗೆಲ್ಲ ಹೇಳಿಬಂದಳು. ಉಪ್ಪಿಲ್ಲ ಎಂದು ತಿಳಿದಾಗಲಂತೂ ಕಣ್ಣೀರೇ ಬಂತು. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ಉಪ್ಪ ಕಿತ್ಕೊಂಡೆ. ಇನ್ನು ನನ್ನೂ ಆಚೆಗೆ ಹಾಕ್ಬುಡು" ಎಂದಳು. 

ದೊಡ್ಡ ರಂಪವಾದದ್ದು ನೀರಿನ ವಿಷಯಕ್ಕೆ. ಹಳೇ ಮೈಸೂರು ಕಡೆಯಲ್ಲಿ ಕಾಯಿಪಲ್ಲೆ ಬೇಯಿಸಿ ಬಸಿದ ನೀರನ್ನು ಚೆಲ್ಲುವ ಹೆಂಗಸನ್ನು ಮನೆಹಾಳಿ ಎನ್ನುತ್ತಾರೆ. ಆ ನೀರಿಗೆ ಖಾರ ಅರೆದು ಹಾಕಿ ಬಸ್ಸಾರು ಮಾಡಬೇಕು, ಮುದ್ದೆಯ ಜೊತೆ ಉಣ್ಣಬೇಕು. ಸೊಸೆ ಡಬ್ಬ ತೆರೆದು ನೀರನ್ನು ಕರಿಬೇವಿನ ಗಿಡಕ್ಕೆ ಸುರಿಯುವಾಗೆಲ್ಲ ಚಿಕ್ಕತಾಯಮ್ಮನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಒಂದು ದಿನ ಸೊಸೆ ಕೆಲಸಕ್ಕೆ ಹೋದ ಮೇಲೆ ಆ ನೀರನ್ನು ಹಿಡಿದಿಟ್ಟು ಬಸ್ಸಾರು ಮಾಡಿ ಮಗನಿಗೆ ಬಡಿಸಿಯೇಬಿಟ್ಟಳು. ಸಂಜೆ ಸಾರಿನ ವಾಸನೆ ಹಿಡಿದ ಜಯಶೀಲಾ ಮೊದಲ ಸಲ ದನಿಯೆತ್ತಿದಳು.

"ಅತ್ತೆ, ಆ ನೀರಲ್ಲಿ ಇರೋದೇ ಅವರಿಗೆ ಆಗ್ದೇ ಇರೋದು. ನಿಮ್ಮ ಕಾಲಿಗೆ ಬೀಳ್ತೀನಿ, ಕೊಡಬೇಡಿ."

"ನೀರಲ್ಲೇ ಕಣೇ ಸತ್ವ ಇರೋದು!"

"ಹೌದು ಅತ್ತೆ. ಆ ಸತ್ವಾನೇ ಬೇಡ ಅಂತ ಡಾಕ್ಟ್ರು ಹೇಳಿರೋದು."

ಸತ್ವ ಬೇಡ ಎನ್ನುವ ಡಾಕ್ಟರನ್ನು ಚಿಕ್ಕತಾಯಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಅವಳನ್ನು ದೂರಿ ಪ್ರಯೋಜನವಿಲ್ಲ. ಆ ಮಗ ಹುಟ್ಟಿದಾಗಿನಿಂದ ಜ್ವರಕ್ಕೆ ಮೋಸಂಬಿ, ಉಷ್ಣಕ್ಕೆ ಎಳನೀರು, ಸುಸ್ತಿಗೆ ರಸಬಾಳೆ ಕೊಟ್ಟೇ ಉಳಿಸಿಕೊಂಡು ಬಂದವಳು. ನೋಡಲು ಬರುವ ನೆಂಟರೂ ಹಣ್ಣಿನ ಚೀಲ ಹಿಡಿದೇ ಬರುತ್ತಿದ್ದರು. ಜಯಶೀಲಾ ಅವನ್ನೆಲ್ಲ ಅಕ್ಕಪಕ್ಕದವರಿಗೆ ಹಂಚಿಬಿಡುವಳು. "ಹಣ್ಣ್ ತಿಂದು ಸತ್ತೋರ ಎಲ್ಲಾರ ಕಂಡಿದೀಯೇನೇ?" ಎಂದು ಅತ್ತೆ ಕೇಳುತ್ತಿದ್ದಳು.

ಮರಿಸ್ವಾಮಿ ಒಳ್ಳೆಯ ಮನುಷ್ಯ. ಉಪ್ಪಿಲ್ಲದ ಪಲ್ಯವನ್ನು ಬಾಯಿಗಿಟ್ಟುಕೊಂಡು, ಒಗ್ಗರಣೆಯ ಸಾಸಿವೆ ಕಡಿಯುತ್ತ, "ಚೆನ್ನಾಗೈತೆ ಕಣವ್ವಾ, ಒಂದ್ ತುತ್ತು ನೀನೂ ತಿಂದ್ನೋಡು" ಎಂದು ತಾಯಿಯನ್ನು ಕರೆಯುವನು. ಅವಳು ಮುಖ ತಿರುಗಿಸುವಳು. ಅವನನ್ನು ಹಿಂಡುತ್ತಿದ್ದುದು ಬಾಯಾರಿಕೆ. ದಿನಕ್ಕೆ ಇಷ್ಟೇ ನೀರು ಎಂದು ಕಟ್ಟಪ್ಪಣೆಯಾಗಿತ್ತು. ಜಯಶೀಲಾ ಅದಕ್ಕೆ ನಮ್ಮಲ್ಲೇ ಒಬ್ಬ ಖಾಲಿಯಾದವನನ್ನು ಅಳತೆ ಮಾಡಿಕೊಂಡಳು. ದಿನಕ್ಕೆ ಎರಡು ಡಬ್ಬ ನೀರು, ಅಷ್ಟೇ. ಹಳೆಯದಕ್ಕೆ ತುಕ್ಕು ಹತ್ತಿದರೆ ಹೊಸದು.

ಏಪ್ರಿಲ್ ಬಂತು. ಭಾನುವಾರ, ಸೋಮವಾರ ಎರಡು ದಿನ ಹುಣಸೂರಿನಲ್ಲಿ ಕೇಂದ್ರದ ಶಿಬಿರ. ಮೇಡಂ ಜೊತೆ ಜಯಶೀಲಾ ಹೋಗಲೇಬೇಕಿತ್ತು. ಆ ಭಾನುವಾರ ಬೆಳಿಗ್ಗೆ ಹಲಗೆಯ ಮೇಲಿಂದ ಅವಳು ಎತ್ತಿಕೊಂಡದ್ದು ನನ್ನನ್ನು. ಓಪನರ್ ಹಾಕಿ ಮುಚ್ಚಳ ಬಿಚ್ಚಿದಳು, ನೀರನ್ನು ಗಿಡಕ್ಕೆ ಸುರಿದಳು, ಪಲ್ಯ ಮಾಡಿಟ್ಟಳು. ನನ್ನನ್ನು ತೊಳೆದು, ಬಾಯಿಯ ಅಂಚನ್ನು ಕೈ ಕುಯ್ಯದಂತೆ ಒಳಕ್ಕೆ ಬಡಿದು, ಅವನ ಹಾಸಿಗೆಯ ಪಕ್ಕ ಇಟ್ಟಳು. "ಅತ್ತೆ, ಇದ್ರಲ್ಲಿ ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಇದಕ್ಕಿಂತ ಹೆಚ್ಚು ಬೇಡ" ಎಂದು ಹೇಳಿ ಹೋದಳು. ಗೇಟಿನ ತನಕ ಹೋದವಳು ವಾಪಸು ಬಂದು ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು.

ಇನ್ನು ಮುಂದಿನದನ್ನು ಹೇಳುವುದು ನನಗೆ ಕಷ್ಟ.

ಹತ್ತು ಗಂಟೆಗೇ ಬಿಸಿಲು ಸುಡುತ್ತಿತ್ತು. ಮರಿಸ್ವಾಮಿಯ ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಬೀದಿಯಲ್ಲಿ ಎಳನೀರಿನ ಸೈಕಲ್ ಬಂತು. ಚಿಕ್ಕತಾಯಮ್ಮ ಐದು ಬುರುಡೆ ಇಳಿಸಿಕೊಂಡಳು. ಎರಡು ಕೊಚ್ಚಿಸಿ ತಂದು ಮಗನ ಪಕ್ಕ ಕೂತು ನನ್ನನ್ನು ಕೈಗೆತ್ತಿಕೊಂಡಳು.

"ಎರಡ್ ಡಬ್ಬ ನೀರು ತಾನೆ ಕುಡಿಬೇಕಾದ್ದು? ನಾನೂ ಎರಡೇ ಕೊಡೋದು. ನೀರಿನ ಬದ್ಲು ಎಳ್ನೀರು. ಲೆಕ್ಕ ತಪ್ಪಾಕಿಲ್ಲ, ಕುಡಿ ಮಗಾ."

"ಬ್ಯಾಡ ಕಣವ್ವಾ. ಜಯಾ ಬೈತಾಳೆ."

"ಅವ್ಳಿಗ್ಯಾರು ಹೇಳ್ತಾರೆ?"

ಅವನು ನನ್ನನ್ನು ನೋಡಿದ. ಎಳನೀರಿನ ತಂಪಿಗೆ ನನ್ನ ಹೊರಮೈ ಬೆವೆತಿತ್ತು. ನಾನು ಏನು ಮಾಡಬಲ್ಲೆ? ತಗಡಿಗೆ ಬಾಯಿದೆ, ಮಾತಿಲ್ಲ. ಕೈಜಾರಿ ಬೀಳೋಣವೆಂದರೆ ಆ ತಾಯಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವನು ಗಟಗಟ ಕುಡಿದ. ಕಣ್ಣು ಮುಚ್ಚಿ, "ಅವ್ವಾ, ಜೀವ ಬಂತು" ಎಂದ. ಚಿಕ್ಕತಾಯಮ್ಮ ಸೆರಗಿನಿಂದ ಅವನ ಬಾಯಿ ಒರೆಸಿದಳು. ನಾನು ಆ ಮನೆಗೆ ಬಂದಾಗಿನಿಂದ ಅವಳ ಮುಖದಲ್ಲಿ ಅಂಥ ನಗೆ ಕಂಡಿರಲಿಲ್ಲ.

ಸಾಯಂಕಾಲ ಇನ್ನೊಂದು ಡಬ್ಬ. ಸೋಮವಾರ ಬೆಳಿಗ್ಗೆ ಮತ್ತೊಂದು. ನಡುವೆ ಮೋಸಂಬಿ ತೊಳೆ, ರಸಬಾಳೆಯ ರಸಾಯನ. ಅಳತೆಯನ್ನು ಅವಳು ಒಂದು ಗುಟುಕೂ ಮೀರಲಿಲ್ಲ. ಸೋಮವಾರ ಮಧ್ಯಾಹ್ನ ಕೊನೆಯ ಬುರುಡೆಯನ್ನು ನನ್ನೊಳಗೆ ಬಗ್ಗಿಸುತ್ತಿದ್ದಾಗ ಅವನು ಬಚ್ಚಲಿಗೆ ಹೋಗಲೆಂದು ಎದ್ದ. "ಅವ್ವಾ, ಕಾಲು ನಿಲ್ತಾ ಇಲ್ವಲ್ಲಾ" ಎಂದ. ಗೋಡೆ ಹಿಡಿದುಕೊಂಡು ಹಾಗೆಯೇ ಕುಸಿದ. ಚಿಕ್ಕತಾಯಮ್ಮ ಕೂಗಿದ ಕೂಗಿಗೆ ಬೀದಿಯೇ ಬಂತು. ಆಟೋದಲ್ಲಿ ಹಾಕಿಕೊಂಡು ಹೋದರು. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಎದೆ ನಿಂತಿತ್ತು.

ಜಯಶೀಲಾ ಬಂದಾಗ ಅಂಗಳದಲ್ಲಿ ಜನ ತುಂಬಿದ್ದರು. ಅವಳು ಅಳಲಿಲ್ಲ. ಹಿತ್ತಲಿಗೆ ಬಂದಳು. ಗೋಡೆಯ ಬುಡದಲ್ಲಿ ಐದು ಎಳನೀರು ಬುರುಡೆಗಳು ಬಿದ್ದಿದ್ದವು. ಅವನ್ನು ನೋಡುತ್ತ ನಿಂತೇ ಇದ್ದಳು. ಆಮೇಲೆ ಒಂದೊಂದಾಗಿ ಎತ್ತಿ ಸೌದೆಯ ಹಿಂದಕ್ಕೆ ಸರಿಸಿದಳು.

ಒಳಗಿನಿಂದ ಚಿಕ್ಕತಾಯಮ್ಮನ ಗೋಳು ಕೇಳುತ್ತಿತ್ತು. "ಆ ಡಬ್ಬದ ಕೊಳಕೇ ನನ್ ಮಗನ್ನ ತಿಂತು! ಭಾನುವಾರ ಉಂಡಿದ್ದು ಅದ್ನೇ! ನೂರು ಸಲ ಹೇಳ್ದೆ, ಕೇಳಿದ್ಲಾ ಈ ಮಾರಿ?" ಬಂದವರೆಲ್ಲ ಹೌದೌದು ಎಂದರು. ಡಬ್ಬದ ಊಟ ತಿಂದು ಯಾರೋ ಎಲ್ಲೋ ಸತ್ತ ಕಥೆ ಪ್ರತಿಯೊಬ್ಬರ ಬಳಿಯೂ ಒಂದೊಂದಿತ್ತು. ಜಯಶೀಲಾ ನಡುಮನೆಗೆ ಬಂದು ಅತ್ತೆಯ ಮುಂದೆ ನಿಂತಳು. ಈಗ ಹೇಳುತ್ತಾಳೆ ಎಂದು ನಾನು ಕಾದೆ.  ಅವಳು ಕೂತು ಅತ್ತೆಯ ಪಾದ ಹಿಡಿದುಕೊಂಡು, "ನನ್ನಿಂದ ತಪ್ಪಾಯ್ತು ಅತ್ತೆ" ಎಂದಳು.

ನನಗೆ ಸಿಟ್ಟು ಬಂತು. ತನ್ನ ಮೇಲೆ ಬೇಕಾದರೆ ಹಾಕಿಕೊಳ್ಳಲಿ, ನನ್ನ ಮೇಲೇಕೆ? ಕಾರಣ ತಿಳಿದದ್ದು ಮಾಲಿನಿ ಮೇಡಂ ಮಾತಾಡಿಸಲು ಬಂದ ದಿನ. ಇಬ್ಬರೂ ಹಿತ್ತಲಲ್ಲಿ ನಿಂತಿದ್ದರು.

"ಪೊಟ್ಯಾಶಿಯಂ ಏರಿ ಎದೆ ನಿಂತಿದೆ ಅಂತ ಡಾಕ್ಟ್ರು ನಿನಗೆ ಹೇಳಿದ್ದನ್ನ ನಿಮ್ಮತ್ತೆಗೆ ಹೇಳ್ಬಿಡು ಜಯಾ. ಈ ಅಪವಾದ ಯಾಕೆ ಹೊತ್ಕೋತೀಯ?"

"ಹೇಳಿದ್ರೆ ಅವರು ಉಳಿಯಲ್ಲ ಮೇಡಂ. ತಾನು ಪ್ರೀತಿಯಿಂದ ಕೊಟ್ಟಿದ್ದೇ ಮಗನ್ನ ಕೊಂತು ಅಂತ ಗೊತ್ತಾದ್ರೆ ಯಾವ ತಾಯಿ ಬದುಕ್ತಾಳೆ? ನನ್ನ ಬೈಕೊಂಡಾದ್ರೂ ಬದುಕಿರ್ಲಿ."

ಐದು ಬುರುಡೆಗಳು ಒಣಗಿದ ಮೇಲೆ ದಿನಕ್ಕೊಂದರಂತೆ ಹಂಡೆಯ ಒಲೆಗೆ ಹಾಕಿದಳು. ಅತ್ತೆ ಸ್ನಾನ ಮಾಡಿದ್ದು ಅದೇ ಬೆಂಕಿಯಲ್ಲಿ ಕಾದ ನೀರಿನಲ್ಲಿ.

ಹಲಗೆಯ ಮೇಲೆ ಉಳಿದಿದ್ದ ನನ್ನವರನ್ನೆಲ್ಲ ಚಿಕ್ಕತಾಯಮ್ಮ ತಿಪ್ಪೆಗೆ ಎಸೆಸಿದಳು. ನನ್ನನ್ನು ಮಾತ್ರ ಬಿಡಲಿಲ್ಲ. ಹಿಂಬಾಗಿಲ ಪಕ್ಕದ ಗೋಡೆಗೂಡಿನಲ್ಲಿ, ಸೊಸೆ ಬಟ್ಟೆ ಒಗೆಯಲು ಹೋಗುವಾಗ ಬರುವಾಗ ಕಣ್ಣಿಗೆ ಬೀಳುವಂತೆ ಇಟ್ಟಳು. "ಅಲ್ಲೇ ಇರ್ಲಿ. ನೋಡ್ಕೋತಾ ಇರ್ಲಿ" ಎಂದಳು. ನನ್ನೊಳಗೆ ಯಾರೂ ಏನೂ ಹಾಕಲಿಲ್ಲ, ಬೆಂಕಿಪೊಟ್ಟಣವನ್ನೂ ಇಡಲಿಲ್ಲ. ಜಯಶೀಲಾ ಕೇಂದ್ರದ ಕೆಲಸ ಬಿಡಲಿಲ್ಲ. ಅದರಿಂದಲೇ ಇಬ್ಬರ ಊಟ ನಡೆಯಬೇಕಿತ್ತು. ಒಂದು ಡಬ್ಬವನ್ನೂ ಮನೆಗೆ ತರಲಿಲ್ಲ. ಬಯ್ಗುಳ ತಿಂದಳು, ಅತ್ತೆಗೆ ಮುದ್ದೆ ಕಟ್ಟಿದಳು, ಕಾಲು ಒತ್ತಿದಳು. ಹೀಗೆ ಹದಿಮೂರು ವರ್ಷ. ನನ್ನ ಮೈಗೆ ತುಕ್ಕು ಹತ್ತಿತು. ಕೆಂಪು ಚುಕ್ಕೆಗೂ ತುಕ್ಕಿಗೂ ವ್ಯತ್ಯಾಸ ಕಾಣದಾಯಿತು. ಒಂದೇ ಒಂದು ಆಸೆ ಉಳಿದಿತ್ತು. ಎಂದಾದರೊಂದು ದಿನ ಯಾರಾದರೂ, 'ಇದರ ತಪ್ಪಲ್ಲ' ಎನ್ನಬೇಕು.

ಕಳೆದ ವರ್ಷ ಚಿಕ್ಕತಾಯಮ್ಮನ ಕಾಲುಗಳು ಊದಿಕೊಂಡವು. ಸಕ್ಕರೆ ಕಾಯಿಲೆ ಅವಳ ಮೂತ್ರಪಿಂಡಕ್ಕೂ ಇಳಿದಿತ್ತು. ಜಯಶೀಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಔಷಧಿ ತರಲು ಅವಳು ಕೆಳಗಿಳಿದಿದ್ದಾಗ ಪಥ್ಯ ಹೇಳುವ ಹುಡುಗಿ ಮುದುಕಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಚೀಟಿ ಓದಿದಳಂತೆ. ಎಳನೀರು ಬೇಡ ಅಜ್ಜಿ, ಬಾಳೆಹಣ್ಣು ಬೇಡ, ಮೋಸಂಬಿ ಬೇಡ, ತರಕಾರಿ ಬೇಯಿಸಿದ ನೀರು ಬೇಡ. ಕುಡಿದರೆ ಏನಾಗುತ್ತದೆ ಎಂದು ಇವಳು ಕೇಳಿದಳಂತೆ. ಮೊದಲು ಕಾಲು ಸೋಲುತ್ತೆ, ಆಮೇಲೆ ಎದೆ ನಿಂತುಹೋಗುತ್ತೆ ಎಂದು ಆ ಮಗು ಇದ್ದದ್ದನ್ನು ಇದ್ದಂತೆ ಹೇಳಿತು.

ಮನೆಗೆ ಬಂದವಳು ಒಳಗೆ ಹೋಗಲಿಲ್ಲ. ಪಕ್ಕದ ಓಣಿಯಿಂದ ಸುತ್ತಿ ಹಿತ್ತಲಿಗೆ ಬಂದು, ನನ್ನ ಗೂಡಿನ ಮುಂದಿನ ಒಗೆಯುವ ಕಲ್ಲಿನ ಮೇಲೆ ಕೂತಳು. ಜಯಶೀಲಾ ಓಡುತ್ತ ಬಂದಳು.

"ಒಳಕ್ಕೆ ಬನ್ನಿ ಅತ್ತೆ, ಬಿಸಿಲು."

"ಐದು ಬುರ್ಡೆ ಇದ್ವು ಜಯಾ."

ಜಯಶೀಲಾ ಅತ್ತೆಯ ತೋಳು ಹಿಡಿದು ಎಬ್ಬಿಸಲು ನೋಡಿದಳು.

"ತಿಥಿ ಆದ್ಮೇಲೆ ಹುಡುಕ್ದೆ. ಒಂದೂ ಇರ್ನಿಲ್ಲ. ಯಾರೋ ಎತ್ಕೊಂಡೋದ್ರು ಅಂದ್ಕೊಂಡೆ. ಎಲ್ಲೋದ್ವು?"

"ಅದು ನಿಮ್ಮ ಕಾಯಿಲೆಗೆ ಹೇಳಿರೋ ಪಥ್ಯ ಅತ್ತೆ. ಅವರ ಕಾಯಿಲೆ ಬೇರೆ."

"ಸುಳ್ ಹೇಳ್ಬ್ಯಾಡ. ಬುರ್ಡೆ ಎಲ್ಲೋದ್ವು?"

"ಹಂಡೆ ಒಲೆಗೆ ಹಾಕ್ದೆ" ಎಂದಳು ಜಯಶೀಲಾ. ಹದಿಮೂರು ವರ್ಷ ಅಳದಿದ್ದವಳು ಅಲ್ಲೇ ಕುಸಿದು ಅತ್ತಳು.

ಚಿಕ್ಕತಾಯಮ್ಮ ಎದ್ದು ನನ್ನನ್ನು ಗೂಡಿನಿಂದ ತೆಗೆದಳು. ಹದಿಮೂರು ವರ್ಷದ ನಂತರ ಅದೇ ಎರಡು ಕೈ. ತುಕ್ಕನ್ನು ಹೆಬ್ಬೆರಳಿನಿಂದ ಉಜ್ಜುತ್ತ, "ಇದ್ರಾಗೇ ಕುಡಿಸ್ದೆ ಕಣವ್ವಾ. ಅಳ್ದು ಅಳ್ದು ಕುಡಿಸ್ದೆ. ಡಬ್ಬದ ತಪ್ಪಲ್ಲ. ನಿಂದೂ ಅಲ್ಲ" ಎಂದಳು.

ಇಷ್ಟು ವರ್ಷ ಕಾದಿದ್ದ ಮಾತು ಬಂತು. ಆದರೆ ಆ ಮುಖ ನೋಡಿದಾಗ ನನಗೆ ಅನ್ನಿಸಿದ್ದು ಬೇರೆ. ದೇವರೇ, ತಪ್ಪು ನನ್ನದೇ ಆಗಿರಬಾರದಿತ್ತೇ? ಒಳಗಿನ ಕಾಯಿ ಕೆಟ್ಟಿದ್ದರೆ, ನನ್ನ ತಗಡೇ ವಿಷ ಬಿಟ್ಟಿದ್ದರೆ, ಈ ಮುದುಕಿ ನನ್ನನ್ನು ಬೈದುಕೊಂಡೇ ನೆಮ್ಮದಿಯಾಗಿ ಸಾಯುತ್ತಿದ್ದಳು. ಹಣ್ಣಿನ ಸತ್ವ ಹೆಚ್ಚೋ ಡಬ್ಬದ ತರಕಾರಿಯ ಸತ್ವ ಹೆಚ್ಚೋ ಎಂಬ ಪಟದಲ್ಲಿ ಗೆದ್ದು ನನಗೇನು ಆಗಬೇಕಿತ್ತು?

ಮಾರನೆಯ ದಿನದಿಂದ ಅವಳು ಬೈಯುವುದನ್ನು ಬಿಟ್ಟಳು. ಜಯಶೀಲಾ ಬೇಡಿಕೊಂಡಳು, "ಬೈರಿ ಅತ್ತೆ, ಒಂದು ಮಾತಾದ್ರೂ ಬೈರಿ."  ಆಕೆ ತನ್ನ ಪಾಲಿನ ನೀರನ್ನು ನನ್ನಲ್ಲೇ ಅಳೆದು ಕೊಡಬೇಕೆಂದು ಹಟ ಹಿಡಿದಳು. ನನ್ನ ತಳ ತೂತಾಗಿತ್ತು. ಹಾಕಿದ ನೀರು ಅವಳ ಮಡಿಲಿಗೇ ಸೋರಿತು. ಅವಳು ಒರೆಸಿಕೊಳ್ಳಲಿಲ್ಲ.

ಕೊನೆಯ ತಿಂಗಳುಗಳಲ್ಲಿ ಒಂದು ದಿನ ಅವಳು, "ಹುರುಳಿಕಾಯಿ ಡಬ್ಬ ಒಂದು ತಾ" ಎಂದಳು. ಜಯಶೀಲಾ ಕೇಂದ್ರದಲ್ಲಿ ತಾನೇ ಕಟ್ಟಿ, ಕೆಂಪು ಚುಕ್ಕೆ ಇಟ್ಟು ತಂದಳು. ತೆರೆದಳು. ನೀರನ್ನು ಕರಿಬೇವಿನ ಗಿಡಕ್ಕೆ ಚೆಲ್ಲಿದಳು. ಉಪ್ಪಿಲ್ಲದ ಪಲ್ಯವನ್ನು ತಟ್ಟೆಗೆ ಬಡಿಸಿ, ಹಿಂಬಾಗಿಲ ಬಳಿ, ನನ್ನ ಗೂಡಿನ ಕೆಳಗೆ ಅತ್ತೆಯನ್ನು ಕೂರಿಸಿದಳು. ಚಿಕ್ಕತಾಯಮ್ಮ ಒಂದು ತುತ್ತು ಬಾಯಿಗಿಟ್ಟಳು. ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಆಡಿಸಿದಳು.

"ಚೆನ್ನಾಗೇ ಐತಲ್ಲಾ ಜಯಾ" ಎಂದಳು. "ಚೆನ್ನಾಗೈತೆ ಕಣವ್ವಾ ಅಂತ ದಿನಾ ಹೇಳಾನು ಅವ್ನು. ಒಂದ್ ತುತ್ತು ತಿಂದ್ನೋಡು ಅನ್ನಾನು. ಒಂದ್ ದಿನಾನೂ ತಿನ್ನಲಿಲ್ಲ ನಾನು."

ತಟ್ಟೆಯಲ್ಲಿದ್ದುದನ್ನೆಲ್ಲ ತಿಂದಳು. ಕೈ ತೊಳೆಯಲು ಬಹಳ ಹೊತ್ತು ಏಳಲಿಲ್ಲ.

ಅವಳು ಹೋಗಿ ಮೂರು ತಿಂಗಳಾಯಿತು. ಈಗ ಮನೆಯಲ್ಲಿ ಜಯಶೀಲಾ, ಗೂಡಿನಲ್ಲಿ ನಾನು. ಇನ್ನು ಎಸೆಯಲಿ ಎಂದು ಕಾಯುತ್ತಿದ್ದೇನೆ, ಅವಳು ಎಸೆಯುತ್ತಿಲ್ಲ. ಬೆಳಿಗ್ಗೆ ನನ್ನಲ್ಲೇ ನೀರು ತುಂಬಿ ಕರಿಬೇವಿನ ಗಿಡದ ಕಡೆಗೆ ನಡೆಯುತ್ತಾಳೆ. ಹತ್ತು ಹೆಜ್ಜೆ ಅಷ್ಟೇ. ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾನು ಖಾಲಿಯಾಗಿರುತ್ತೇನೆ. ಅವಳು ವಾಪಸು ಹೋಗಿ ಮತ್ತೆ ತುಂಬುತ್ತಾಳೆ.